ಕಂಪಾಸ್ ಒಳ್ಳೆಯ ಗಾಡಿಯೇ, ಆದರೆ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಒಂದು ಹಳ್ಳಿ. ಅಡಿಕೆ ತೋಟ ಇದೆ. ಹಳೆಯ ಸಣ್ಣ ಕಾರು ಕೊಟ್ಟು ಜೀಪ್ ಕಂಪಾಸ್ ಡೀಸೆಲ್ ಆಟೊಮ್ಯಾಟಿಕ್ ತೆಗೆದುಕೊಳ್ಳುವ ಆಸೆ. ವಾರಕ್ಕೊಮ್ಮೆ ಕೆಲಸದ ಮೇಲೆ ಕುಮಟಾ, ಕೆಲವೊಮ್ಮೆ ಕಾರವಾರಕ್ಕೆ ಹೋಗುತ್ತೇನೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಅಲ್ಲಿಗೂ ಆಗಾಗ ಹೋಗುವುದಿದೆ. ಮನೆಯಲ್ಲಿ ನಾವಿಬ್ಬರು ಮತ್ತು 74 ವರ್ಷದ ಆಯಿ. ಆಯಿಗೆ ಮಂಡಿ ನೋವು. ಡಾಂಬರು ರಸ್ತೆಯಿಂದ ಮನೆಗೆ ಸುಮಾರು ಒಂದು ಕಿಲೋಮೀಟರ್ ಮಣ್ಣಿನ ದಾರಿ. ಜೋರು ಮಳೆಯಲ್ಲಿ ಎರಡು ಕಡೆ ಈಗಿನ ಕಾರು ಹೂತುಕೊಳ್ಳುತ್ತದೆ. ನಾಲ್ಕೂ ಚಕ್ರ ಎಳೆಯುವ ಮಾಡೆಲ್ಲೇ ಬೇಕೇ? ಸ್ನೇಹಿತರು ಟಾಟಾ ಹ್ಯಾರಿಯರ್ ಅಥವಾ ಮಹೀಂದ್ರಾ ಎಕ್ಸ್‌ಯುವಿ 700 ತಗೋ ಅನ್ನುತ್ತಾರೆ. ಸರ್ವಿಸ್ ಕತೆ ಏನು? ಸೆಕೆಂಡ್ ಹ್ಯಾಂಡ್ ನೋಡಬಹುದೇ? ಯಾವ ಬಣ್ಣ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ವಿಷಯ ಇದೆ. ಗಾಡಿ ಎಲ್ಲಿ ಓಡುತ್ತದೆ, ಯಾರು ಕೂರುತ್ತಾರೆ ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ನನಗೆ ಬರುವ ಪ್ರಶ್ನೆ "ಯಾವುದು ಬೆಸ್ಟ್ ಸರ್?" ಅಷ್ಟೇ. ಅದಕ್ಕೆ ಉತ್ತರ ಇರುವುದಿಲ್ಲ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಂಪಾಸ್ ಸ್ಟೀರಿಂಗ್ ಹಿಡಿದವನ ಗಾಡಿ. ಘಟ್ಟದಲ್ಲೂ ಹೆದ್ದಾರಿಯಲ್ಲೂ ಓಡಿಸುವವನಿಗೆ ಅದು ಕೊಡುವ ಧೈರ್ಯ ಈ ದರದ ಬೇರೆ ಗಾಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂರುವವರಿಗೆ ಮಾತ್ರ ಅದೇ ಉದಾರತೆ ತೋರಿಸುವುದಿಲ್ಲ. ನಿಮ್ಮ ಮನೆಯಲ್ಲಿ ದಿನನಿತ್ಯ ಇರುವವರು ಮೂರೇ ಜನ. ಹಾಗಾಗಿ ಕಂಪಾಸ್ ತೆಗೆದುಕೊಳ್ಳಬಹುದು. ಅದರಲ್ಲೂ ಎರಡು ಚಕ್ರ ಎಳೆಯುವ ಡೀಸೆಲ್ ಆಟೊಮ್ಯಾಟಿಕ್ ಸಾಕು. ಒಂದು ಷರತ್ತು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಜೀಪ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಸೊಪ್ಪು, ಗೊಬ್ಬರ, ಅಡಿಕೆ ಕೊಯ್ಯುವ ಕೊನೆಗೌಡ ಎಲ್ಲ ಹೇರಿಕೊಂಡು ಬೆಟ್ಟ ಹತ್ತುತ್ತಿದ್ದ ಹಳೇ ಗಾಡಿಯೇ ಕಣ್ಣಿಗೆ ಬರುತ್ತದೆ. ಕಂಪಾಸ್ ಆ ಜಾತಿಯಲ್ಲ. ಲಾರಿಯಂಥ ಬೇರೆ ಚಾಸಿ ಇದಕ್ಕಿಲ್ಲ. ಕಾರಿನ ಹಾಗೆ ಬಾಡಿಯೇ ಚಾಸಿ. ಭಾರತದಲ್ಲಿ 2017ರಲ್ಲಿ ಬಂತು. ಪುಣೆ ಹತ್ತಿರದ ರಾಂಜಣಗಾಂವ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 2021ರಲ್ಲಿ ಒಳಗಿನ ಡ್ಯಾಶ್‌ಬೋರ್ಡ್ ಪೂರ್ತಿ ಬದಲಾಗಿ 10.1 ಇಂಚಿನ ಸ್ಕ್ರೀನ್ ಬಂತು. ಮೂಲ ವಿನ್ಯಾಸ ಮಾತ್ರ ಹಳೆಯದೇ. ಈಚೆಗೆ ಬಂದ ಗಾಡಿಗಳ ಪಕ್ಕ ನಿಲ್ಲಿಸಿದರೆ ವಯಸ್ಸು ಗೊತ್ತಾಗುತ್ತದೆ. ನನಗೆ ಅದು ದೊಡ್ಡ ದೋಷ ಅನ್ನಿಸುವುದಿಲ್ಲ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಹೊಸ ಫ್ಯಾಷನ್ ಕಟ್ಟಿಕೊಂಡು ಏನಾಗಬೇಕು?

ಎಂಜಿನ್ ವಿಷಯಕ್ಕೆ ಬರುತ್ತೇನೆ. 1,956 ಸಿಸಿ ಡೀಸೆಲ್, 170 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಈ ಟಾರ್ಕ್ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 1,750 ಸುತ್ತು (ಆರ್‌ಪಿಎಂ) ತಿರುಗುವ ಹೊತ್ತಿಗೆ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಲೋಡ್ ಲಾರಿ ಹಿಂದೆ ತೆವಳುತ್ತಿರುತ್ತೀರಿ. ಸ್ವಲ್ಪ ನೇರ ದಾರಿ ಸಿಗುತ್ತದೆ. ಆಗ ಒತ್ತಿದರೆ ಗಾಡಿ ಎಳೆದುಕೊಂಡು ಹೋಗಬೇಕು. ಎಂಜಿನ್‌ಗೆ ಅದು ಕಷ್ಟವಲ್ಲ. ತಡ ಮಾಡುವುದು ಒಂಬತ್ತು ಗೇರಿನ ಆಟೊಮ್ಯಾಟಿಕ್. ಒಮ್ಮೆಗೇ ಜೋರಾಗಿ ಒತ್ತಿದರೆ ಯಾವ ಗೇರಿಗೆ ಇಳಿಯಬೇಕು ಅಂತ ಒಂದು ಕ್ಷಣ ಯೋಚಿಸುತ್ತದೆ. ಆ ಒಂದು ಕ್ಷಣ ಓವರ್‌ಟೇಕ್ ಮಾಡುವಾಗ ಬಹಳ ಉದ್ದ ಅನ್ನಿಸುತ್ತದೆ. ಪರಿಹಾರ ಸುಲಭ. ಲಾರಿ ದಾಟುವ ಮೊದಲೇ ಗೇರ್ ಲಿವರ್‌ನಿಂದ ನೀವೇ ಒಂದು ಗೇರ್ ಇಳಿಸಿಕೊಳ್ಳಿ. ಒಂಬತ್ತನೇ ಗೇರಿಗಂತೂ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಕೆಲಸವೇ ಇಲ್ಲ.

ಇಳಿಯುವಾಗಲೂ ಅದೇ ಅಭ್ಯಾಸ ಬೇಕು. ಆಟೊಮ್ಯಾಟಿಕ್ ತೆಗೆದುಕೊಂಡವರು ಘಟ್ಟ ಇಳಿಯುವಾಗ ಡಿ (ಡ್ರೈವ್) ಗೇರಿನಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬರುತ್ತಾರೆ. ಕೆಳಗೆ ಕತಗಾಲ ಹೊತ್ತಿಗೆ ಬ್ರೇಕ್ ಕಾದು ವಾಸನೆ ಬರುತ್ತದೆ. ಅರಬೈಲು ಘಟ್ಟದಲ್ಲೂ ಇದೇ ಕತೆ. ಇಷ್ಟು ತೂಕದ ಗಾಡಿಯನ್ನು ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ತಡೆಯ ಮೇಲೆ ಇಳಿಸಬೇಕು. ಬ್ರೇಕ್ ಬೇಕಾದಾಗ ಮಾತ್ರ ಒತ್ತಿ ಬಿಡಬೇಕು.

ಕಂಪಾಸ್‌ನ ನಿಜವಾದ ಬಲ ಸಸ್ಪೆನ್ಷನ್. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದೆ. ಅಂದರೆ ಹಿಂದಿನ ಒಂದು ಚಕ್ರ ಹೊಂಡಕ್ಕೆ ಬಿದ್ದರೆ ಇನ್ನೊಂದು ಚಕ್ರ ಅದರ ಜೊತೆ ಕುಣಿಯುವುದಿಲ್ಲ. ಇದರ ಶಾಕ್ ಅಬ್ಸಾರ್ಬರ್‌ಗಳೂ ಸ್ವಲ್ಪ ಜಾಣ ಜಾತಿಯವು. ಸಣ್ಣ ಹೊಂಡದ ಚುರುಕು ಹೊಡೆತಕ್ಕೆ ಮೆತ್ತಗಾಗುತ್ತವೆ, ತಿರುವಿನಲ್ಲಿ ಬಾಡಿ ನಿಧಾನಕ್ಕೆ ವಾಲಿದಾಗ ಬಿಗಿಯಾಗುತ್ತವೆ. ಕರೆಂಟು, ಕಂಪ್ಯೂಟರ್ ಏನೂ ಇಲ್ಲ. ಒಳಗಿನ ಎಣ್ಣೆ ಹರಿಯುವ ದಾರಿಯಲ್ಲೇ ಆ ಉಪಾಯ ಇದೆ. ಪರಿಣಾಮ ಏನು? ಶಿರಸಿ-ಕುಮಟಾ ರಸ್ತೆಯಂಥ ಕಡೆ, ಒಂದು ಕಡೆ ಹೊಸ ಕಾಂಕ್ರೀಟ್, ಇನ್ನೊಂದು ಕಡೆ ಕಿತ್ತುಹೋದ ಡಾಂಬರು, ಮತ್ತೆ ತಿರುವು, ಹೀಗೆ ಬಂದರೂ ಗಾಡಿ ಗಾಬರಿ ಬೀಳುವುದಿಲ್ಲ. ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಇದರಲ್ಲಿ ಬಾಡಿ ಓಲಾಟ ಕಡಿಮೆ ಇರುವುದೇ ಒಂದು ಔಷಧ. ನಿಧಾನಕ್ಕೆ ಹೋಗುವಾಗ ಸ್ವಲ್ಪ ಗಡುಸು ಅನ್ನಿಸುತ್ತದೆ, ಅದು ನಿಜ. ವೇಗ ಏರಿದ ಹಾಗೆ ಹದವಾಗುತ್ತದೆ.

ಬಾಡಿ ಗಟ್ಟಿ. ಬಾಗಿಲು ಹಾಕಿದರೇ ಗೊತ್ತಾಗುತ್ತದೆ. ಯುರೋಪಿನ ಮಾಡೆಲ್‌ಗೆ 2017ರಲ್ಲಿ ಯುರೋ ಎನ್‌ಕ್ಯಾಪ್ ಅನ್ನುವ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ 5 ಸ್ಟಾರ್ ಸಿಕ್ಕಿತ್ತು. ಇಲ್ಲಿ ಕೊಳ್ಳುವಾಗ ನೀವು ನೋಡಬೇಕಾದ್ದು ಏರ್‌ಬ್ಯಾಗ್ ಸಂಖ್ಯೆ. ಕೆಳಗಿನ ವೇರಿಯಂಟ್ ತೆಗೆದುಕೊಳ್ಳುವವರು ಇದನ್ನು ಕೇಳಿಯೇ ಮುಂಗಡ ಕೊಡಿ. ಎದುರಿನ ಗಾಜಿನ ಎರಡೂ ಪಕ್ಕದ ಕಂಬ ಮಾತ್ರ ದಪ್ಪ. ಹೇರ್‌ಪಿನ್ ತಿರುವಿನಲ್ಲಿ ಎದುರು ಬರುವ ಬೈಕು ಅದರ ಹಿಂದೆ ಮರೆಯಾಗುತ್ತದೆ. ತಲೆ ಸ್ವಲ್ಪ ಮುಂದೆ ಚಾಚಿ ನೋಡುವ ರೂಢಿ ಮಾಡಿಕೊಳ್ಳಬೇಕು.

ಎಡಾಸ್ ಬಗ್ಗೆ ಸ್ನೇಹಿತರು ಹೇಳಿರುತ್ತಾರೆ. ತಾನೇ ಬ್ರೇಕ್ ಹಾಕುವುದು, ಲೇನ್ ಬಿಟ್ಟರೆ ಎಚ್ಚರಿಸುವುದು ಇತ್ಯಾದಿ. ಹ್ಯಾರಿಯರ್, ಎಕ್ಸ್‌ಯುವಿ 700ರ ಮೇಲಿನ ವೇರಿಯಂಟ್‌ಗಳಲ್ಲಿ ಅದು ಇದೆ, ಕಂಪಾಸ್‌ನಲ್ಲಿ ಇಲ್ಲ. ಬೆಂಗಳೂರು ಹೆದ್ದಾರಿಯಲ್ಲಿ ಉಪಯೋಗ ಉಂಟು. ಆದರೆ ಬಿಳಿ ಗೆರೆಯೇ ಇಲ್ಲದ ನಿಮ್ಮೂರ ರಸ್ತೆಯಲ್ಲಿ ಅದು ಏನನ್ನು ನೋಡಿಕೊಂಡು ಎಚ್ಚರಿಸಬೇಕು? ಅದಕ್ಕಾಗಿಯೇ ಗಾಡಿ ಬದಲಿಸುವುದು ಬೇಡ.

ಈಗ ಹಿಂದಿನ ಸೀಟು. ಕಂಪಾಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,636 ಮಿಲಿಮೀಟರ್. ಹ್ಯಾರಿಯರ್‌ಗೆ 2,741, ಎಕ್ಸ್‌ಯುವಿ 700ಕ್ಕೆ 2,750. ನಾಲ್ಕು ಇಂಚಿಗೂ ಜಾಸ್ತಿ ವ್ಯತ್ಯಾಸ. ಆ ನಾಲ್ಕು ಇಂಚು ಹೋಗುವುದು ಹಿಂದೆ ಕೂರುವವರ ಮೊಣಕಾಲಿನ ಲೆಕ್ಕದಿಂದಲೇ. ಇಬ್ಬರು ಆರಾಮಾಗಿ ಕೂರಬಹುದು. ಮೂರನೆಯವರು ಕೂತರೆ ಭುಜಕ್ಕೆ ಭುಜ. ಮಕ್ಕಳಿಬ್ಬರೂ ರಜೆಗೆ ಬಂದು, ಆಯಿಯ ಜೊತೆ ಹಿಂದೆ ಮೂವರಾಗಿ ಬೆಂಗಳೂರು ದಾರಿ ಹಿಡಿದರೆ ಹಾವೇರಿ ದಾಟುವ ಮೊದಲೇ ಯಾರಾದರೂ ಗೊಣಗುತ್ತಾರೆ. ವರ್ಷಕ್ಕೆ ಎರಡು ಸಲ ಆದರೆ ಸಹಿಸಬಹುದು. ತಿಂಗಳಿಗೆ ಎರಡು ಸಲ ಆದರೆ ಸ್ನೇಹಿತರ ಮಾತು ಕೇಳಿ, ಎಕ್ಸ್‌ಯುವಿ 700 ನೋಡಿ.

ಮಂಡಿ ನೋವಿದ್ದವರಿಗೆ ಮೊಣಕಾಲಿನ ಜಾಗಕ್ಕಿಂತ ದೊಡ್ಡ ಪ್ರಶ್ನೆ ಹತ್ತುವುದು, ಇಳಿಯುವುದು. ಇಲ್ಲಿ ಕಂಪಾಸ್ ಪರವಾಗಿ ಮಾತಾಡಬೇಕು. ಇದರ ಸೀಟು ತೀರಾ ಎತ್ತರವೂ ಅಲ್ಲ, ಸಣ್ಣ ಕಾರಿನ ಹಾಗೆ ಕೆಳಗೂ ಅಲ್ಲ. ದೊಡ್ಡ ಗಾಡಿಗಳಿಗೆ ಹತ್ತಲು ಕಾಲು ಎತ್ತಬೇಕು, ಆಯಿಗೆ ಅದೇ ಕಷ್ಟ. ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮನೆಯವರು ಹಿಂದೆ ಕೂತರೆ ಎಲ್ಲರಿಗೂ ಸುಖ. ಶೋರೂಮಿಗೆ ಹೋಗುವಾಗ ಆಯಿಯನ್ನು ಕರೆದುಕೊಂಡೇ ಹೋಗಿ. ಅವರು ಸೀರೆ ಉಟ್ಟು, ಯಾರ ಕೈ ಹಿಡಿಯದೆ ಎರಡು ಸಲ ಹತ್ತಿ ಇಳಿಯಲಿ. ನಾನು ಹೇಳಿದ ಷರತ್ತು ಇದೇ. ಅಲ್ಲಿ ತೊಂದರೆ ಕಂಡರೆ ಉಳಿದ ಲೆಕ್ಕವೆಲ್ಲ ಬಿಟ್ಟುಬಿಡಿ.

ಉದ್ದ ಕಡಿಮೆ ಇರುವುದರಿಂದ ಇನ್ನೊಂದು ಲಾಭ ಇದೆ, ಇದನ್ನು ಪೇಟೆಯವರು ಬರೆಯುವುದಿಲ್ಲ. ಕಂಪಾಸ್ ಉದ್ದ 4,405 ಮಿಲಿಮೀಟರ್, ಅಗಲ 1,818. ಹ್ಯಾರಿಯರ್ 4,605 ಉದ್ದ, ಎಕ್ಸ್‌ಯುವಿ ಅದಕ್ಕೂ ಉದ್ದ, ಎರಡೂ ಇದಕ್ಕಿಂತ ಅಗಲ. ನಿಮ್ಮ ದಾರಿಯಲ್ಲಿ ಒಂದು ಬದಿ ದರೆ, ಇನ್ನೊಂದು ಬದಿ ತೋಟದ ಕಾಲುವೆ ಇರುತ್ತದೆ. ಎದುರಿಗೆ ಹಾಲಿನ ಗಾಡಿ ಬಂತು ಅಂದರೆ ಹಿಂದಕ್ಕೆ ಹೋಗಬೇಕು. ಮನೆಯ ದಣಪೆ (ಗೇಟು) ಎಷ್ಟು ಅಗಲ? ಅಂಗಳದಲ್ಲಿ ಅಡಿಕೆ ಒಣಗಿಸಿದಾಗ ತಿರುಗಿಸಲು ಜಾಗ ಉಳಿಯುತ್ತದೆಯೇ? ಟೇಪ್ ಹಿಡಿದು ಅಳೆದು ನೋಡಿ. ಎಷ್ಟೋ ಜನ ದೊಡ್ಡ ಗಾಡಿ ತಂದ ಮೇಲೆ ಪಾಗಾರ ಒಡೆಸಿದ್ದಾರೆ.

ನಾಲ್ಕು ಚಕ್ರದ ಪ್ರಶ್ನೆ. 2023ರ ಸೆಪ್ಟೆಂಬರ್‌ವರೆಗೆ ಇಲ್ಲಿ ಕಂಪಾಸ್ ಡೀಸೆಲ್ ಆಟೊಮ್ಯಾಟಿಕ್ ಬೇಕು ಅಂದರೆ ನಾಲ್ಕು ಚಕ್ರದ್ದೇ ತೆಗೆದುಕೊಳ್ಳಬೇಕಿತ್ತು. ಆಮೇಲೆ ಎರಡು ಚಕ್ರದ ಆಟೊಮ್ಯಾಟಿಕ್ ಬಂತು. ದರದ ವ್ಯತ್ಯಾಸ ಲಕ್ಷಗಳಲ್ಲಿ. ನಾಲ್ಕು ಚಕ್ರದ ಮಾಡೆಲ್ ಮಾಮೂಲಿ ದಾರಿಯಲ್ಲಿ ಮುಂದಿನ ಚಕ್ರಗಳಿಂದಲೇ ಓಡುತ್ತದೆ. ಅವು ಜಾರಿದಾಗ ಹಿಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಕೆಸರಿನ ಏರಿನಲ್ಲಿ ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸುಮ್ನೆ ತಿರುಗುತ್ತದೆ. ಹಿಂದಿನಿಂದ ತಳ್ಳುವ ಶಕ್ತಿ ಇದ್ದರೆ ಗಾಡಿ ಹತ್ತುತ್ತದೆ. ಆದರೆ ಇಳಿಜಾರಿನಲ್ಲಿ? ಬ್ರೇಕ್ ಎಲ್ಲ ಗಾಡಿಗೂ ನಾಲ್ಕೇ. ಒದ್ದೆ ಕೆಂಪು ಮಣ್ಣಿನ ಮೇಲೆ ನಾಲ್ಕು ಚಕ್ರದ ಗಾಡಿಯೂ ಅಷ್ಟೇ ಜಾರುತ್ತದೆ. "ಫೋರ್ ಬೈ ಫೋರ್ ಇದೆ" ಅಂತ ನಂಬಿ ಇಳಿದು ಕಾಲುವೆಗೆ ಹೋದವರನ್ನು ಎಳೆಯಲು ಟ್ರ್ಯಾಕ್ಟರೇ ಬರಬೇಕಾಗುತ್ತದೆ.

ನೀವು ಹೂತುಕೊಳ್ಳುವುದು ಎರಡೇ ಜಾಗ ಅಂದಿದ್ದೀರಿ. ಒಂದು ಕಿಲೋಮೀಟರಿನಲ್ಲಿ ಎರಡು ಜಾಗ! ಲಕ್ಷಗಟ್ಟಲೆ ಕೊಟ್ಟು ನಾಲ್ಕು ಚಕ್ರ ಕೊಳ್ಳುವ ಬದಲು ಆ ಎರಡು ಜಾಗಕ್ಕೆ ನೀರು ಹೋಗಲು ಗಟಾರ ತೆಗೆಸಿ, ಚಿರೆಕಲ್ಲಿನ ಚೂರು ಮತ್ತು ಜಲ್ಲಿ ಹಾಕಿ ಕುಟ್ಟಿಸಿ. ಖರ್ಚು ಅದರ ಒಂದು ಪಾಲೂ ಆಗಲಾರದು. ಪಕ್ಕದ ಮನೆಯವರಿಗೂ ಉಪಕಾರ. ಅದರ ಮೇಲೂ ಹೂತರೆ, ಅಥವಾ ಆ ಜಾಗ ಕಡಿದಾದ ಏರಿನಲ್ಲೇ ಇದ್ದರೆ, ಆಗ ಮಾತ್ರ ನಾಲ್ಕು ಚಕ್ರದ ಮಾತು.

ಮಣ್ಣಿನ ದಾರಿಯಲ್ಲಿ ನನಗೆ ಕಂಪಾಸ್ ಬಗ್ಗೆ ಇರುವ ಚಿಂತೆ ಬೇರೆ. ನೆಲದಿಂದ ಎತ್ತರ 178 ಮಿಲಿಮೀಟರ್. ಹ್ಯಾರಿಯರ್ 200 ದಾಟುತ್ತದೆ. ಲೋಡ್ ಟ್ರ್ಯಾಕ್ಟರ್ ಓಡಿ ಎರಡು ಬದಿ ಗಾಡಿಜಾಡು ಆಳವಾಗಿ, ನಡುವೆ ದಿಣ್ಣೆ ಎದ್ದಿದ್ದರೆ ಹೊಟ್ಟೆ ಸವರುತ್ತದೆ. ಮೋರಿಯ ಅಂಚಿನಲ್ಲೂ ನೋಡಿ. ಇದಕ್ಕೆ ಟೈರೂ ಸೇರಿಸಿಕೊಳ್ಳಿ. 18 ಇಂಚಿನ ಚಕ್ರ ನೋಡಲು ಚೆಂದ. 17 ಇಂಚಿನದರಲ್ಲಿ ರಬ್ಬರಿನ ಗೋಡೆ ದಪ್ಪ, ಕಲ್ಲಿನ ಏಟು ತಡೆಯುತ್ತದೆ, ರಿಮ್ ಬಾಗುವುದು ಕಡಿಮೆ. ನಿಮಗೆ ಹಿಡಿಸಿದ ಆಟೊಮ್ಯಾಟಿಕ್ ವೇರಿಯಂಟ್‌ನಲ್ಲಿ 17 ಇಂಚು ಸಿಕ್ಕರೆ ಅದನ್ನೇ ಆರಿಸಿ.

ಸರ್ವಿಸ್ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಟಾಟಾ, ಮಹೀಂದ್ರಾಕ್ಕೆ ಇರುವಷ್ಟು ವರ್ಕ್‌ಶಾಪ್ ಜೀಪ್‌ಗೆ ಇಲ್ಲ. ಘಟ್ಟದ ಮೇಲಿನ ಸಣ್ಣ ಪೇಟೆಗಳಲ್ಲಿ ಸಿಗುವುದಿಲ್ಲ, ದೊಡ್ಡ ಊರಿಗೇ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಹೋಗಿ ಬರುವುದು ದೊಡ್ಡ ಕೆಲಸವಲ್ಲ, ಪೇಟೆ ಕೆಲಸವೂ ಮುಗಿಯುತ್ತದೆ. ತೊಂದರೆ ಆಗುವುದು ಜುಲೈ ತಿಂಗಳ ರಾತ್ರಿ ಗಾಡಿ ಸ್ಟಾರ್ಟ್ ಆಗದಿದ್ದಾಗ, ಅಥವಾ ಎಲ್ಲೋ ತಾಗಿಸಿಕೊಂಡು ಹೆಡ್‌ಲೈಟ್, ಬಂಪರ್ ಬೇಕಾದಾಗ. ಕಡಿಮೆ ಮಾರಾಟದ ಗಾಡಿಯ ಇಂಥ ಭಾಗಗಳಿಗೆ ಕಾಯಬೇಕಾಗುತ್ತದೆ, ದರವೂ ಜಾಸ್ತಿ. ಆದ್ದರಿಂದ ವಿಮೆಯಲ್ಲಿ ಜೀರೋ ಡೆಪ್ರಿಸಿಯೇಷನ್ (ಭಾಗ ಹಳೆಯದಾಯಿತು ಅಂತ ಹಣ ಕಡಿತ ಮಾಡದ ಸೌಲಭ್ಯ) ಬಿಡಬೇಡಿ. ಟೋಯಿಂಗ್ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಅಂತ ಕಾಗದದಲ್ಲಿ ಓದಿ. ಐವತ್ತು ಕಿಲೋಮೀಟರ್ ಅಂತಿದ್ದರೆ ನಿಮಗೆ ಅದು ಅರ್ಧ ದಾರಿ.

ಸಮಾಧಾನದ ಮಾತೊಂದು ಇದೆ. ಕಂಪಾಸ್‌ನಲ್ಲಿರುವ ಈ 2.0 ಲೀಟರ್ ಎಂಜಿನ್ ಮೂಲತಃ ಫಿಯಟ್‌ನದು. ಹ್ಯಾರಿಯರ್, ಸಫಾರಿಯಲ್ಲಿ ಟಾಟಾ ಹೆಸರಿನಲ್ಲಿ ಓಡುವುದೂ ಇದೇ ಮನೆತನದ ಎಂಜಿನ್. ಎಂಜಿ ಹೆಕ್ಟರ್ ಡೀಸೆಲ್‌ಗೂ ಇದನ್ನೇ ಹಾಕಿದ್ದರು. ಹಾಗಾಗಿ ಎಂಜಿನ್ ಬಗ್ಗೆ ತಿಳಿದ ಮೆಕ್ಯಾನಿಕ್ ಸಿಗುವುದು ಅಷ್ಟು ಕಷ್ಟವಲ್ಲ. ವಾರಂಟಿ ಮುಗಿದ ಮೇಲೆ ಇದು ಉಪಯೋಗಕ್ಕೆ ಬರುತ್ತದೆ.

2020ರ ನಂತರದ ಡೀಸೆಲ್ ಗಾಡಿ ಯಾವುದೇ ಇರಲಿ, ಡಿಪಿಎಫ್ ಅನ್ನುವ ಫಿಲ್ಟರ್ ಸೈಲೆನ್ಸರ್ ಸಾಲಿನಲ್ಲಿ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ತುಂಬುತ್ತದೆ. ಗಾಡಿ ಚೆನ್ನಾಗಿ ಕಾದು ಒಂದೇ ಹದದಲ್ಲಿ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ದಿನಾ ಮನೆಯಿಂದ ಸೊಸೈಟಿ, ಸೊಸೈಟಿಯಿಂದ ಮನೆ ಅಂತ ನಾಲ್ಕೈದು ಕಿಲೋಮೀಟರ್ ಓಡಿಸುವವರಿಗೆ ಫಿಲ್ಟರ್ ಕಟ್ಟಿ ಎಚ್ಚರಿಕೆ ದೀಪ ಬರುತ್ತದೆ. ನೀವು ವಾರಕ್ಕೊಮ್ಮೆ ಕುಮಟಾಕ್ಕೆ ಹೋಗುವವರು. ವಾಪಸ್ ಘಟ್ಟ ಹತ್ತುವಾಗಲೇ ಆ ಕೆಲಸ ಆಗಿಬಿಡುತ್ತದೆ. ಹತ್ತಿರದ ಓಡಾಟಕ್ಕೆ ಸ್ಕೂಟರ್ ಇರಲಿ.

ಮೈಲೇಜ್ ಕೇಳಲಿಲ್ಲ ನೀವು, ಆದರೂ ಹೇಳುತ್ತೇನೆ. ಘಟ್ಟ ಸೇರಿದ ಓಡಾಟಕ್ಕೆ ಲೀಟರಿಗೆ 12ರ ಆಸುಪಾಸು ಲೆಕ್ಕ ಹಾಕಿಕೊಳ್ಳಿ, ಹೆದ್ದಾರಿಯಲ್ಲಿ ಇನ್ನೂ ಬರುತ್ತದೆ. ಟ್ಯಾಂಕ್ 60 ಲೀಟರ್, ಹ್ಯಾರಿಯರ್‌ಗೆ 50. ಇದು ಸಣ್ಣ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಕಾರವಾರ ಕಡೆಗೆ ಎಷ್ಟು ಸುತ್ತು ಹಾಕಬೇಕಾಯಿತು ಅನ್ನುವುದು ನಿಮಗೂ ನೆನಪಿರುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ.

ಮಳೆಗಾಲದಲ್ಲಿ ನಾನು ಗ್ಯಾರೇಜಿನಲ್ಲಿ ಅತಿ ಜಾಸ್ತಿ ನೋಡುವ ಕೆಲಸ ಎಂಜಿನ್‌ದೂ ಅಲ್ಲ, ಗೇರಿನದೂ ಅಲ್ಲ. ಇಲಿ ಕಡಿದ ವಯರು. ಕೊಟ್ಟಿಗೆ ಪಕ್ಕ, ಅಡಿಕೆ ಚೀಲದ ಪಕ್ಕ ಬೆಚ್ಚಗಿನ ಬಾನೆಟ್ ಸಿಕ್ಕರೆ ಇಲಿ ಬಿಡುತ್ತದೆಯೇ? ಇಂಥ ಗಾಡಿಯಲ್ಲಿ ಸೆನ್ಸರ್ ವಯರುಗಳ ರಾಶಿಯೇ ಇರುತ್ತದೆ. ಒಂದು ತುಂಡಾದರೂ ಡ್ಯಾಶ್‌ಬೋರ್ಡ್ ತುಂಬ ದೀಪ. ನಿಲ್ಲಿಸುವ ಜಾಗದಲ್ಲಿ ಹಿಂಡಿ, ಬೂಸಾ ಇಡಬೇಡಿ, ರಾತ್ರಿ ಒಂದು ಬಲ್ಬ್ ಉರಿಯಲಿ. ಮೇಲೆ ಗಾಜಿನ ಸನ್‌ರೂಫ್ ಇರುವ ವೇರಿಯಂಟ್ ಆದರೆ ಅದರ ಅಂಚಿನ ತೂತುಗಳಲ್ಲಿ ದರಕು (ಒಣ ಎಲೆ) ತುಂಬುತ್ತದೆ. ನೀರು ಹೊರಗೆ ಹೋಗದೆ ಒಳಗೆ ಇಳಿಯುತ್ತದೆ. ಮೇ ಕೊನೆಗೆ ಒಮ್ಮೆ ಬಿಡಿಸಿ ಇಡಿ. ಕಾರವಾರದ ಕಡೆ ಸಮುದ್ರದ ಗಾಳಿಯಲ್ಲಿ ಓಡಾಡಿ ಬಂದ ಮೇಲೆ ಅಡಿಭಾಗ ಸಿಹಿನೀರಿನಲ್ಲಿ ತೊಳೆಸಿದರೆ ತುಕ್ಕು ದೂರ.

ದುಡ್ಡಿನ ಲೆಕ್ಕದಲ್ಲಿ ಒಂದು ಎಚ್ಚರ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿನ ಸೆಸ್ ಹೋಗಿ ಜಿಎಸ್‌ಟಿ ಒಟ್ಟು ಶೇ 40 ಆಗಿದೆ, ಅದಕ್ಕೂ ಮೊದಲಿನ ಕೊಟೇಶನ್ ಇಟ್ಟುಕೊಂಡಿದ್ದರೆ ಬಿಸಾಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. 25 ಲಕ್ಷದ ಗಾಡಿಗೆ ತೆರಿಗೆಯೇ ಸುಮಾರು 5 ಲಕ್ಷ. ಇದು ಕೇಳಿಯೇ ಹಲವರು ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತಾರೆ.

ತಿರುಗಿದರೆ ತಪ್ಪಿಲ್ಲ. ಕಂಪಾಸ್‌ನ ಮರುಮಾರಾಟದ ದರ ಬೇಗ ಇಳಿಯುತ್ತದೆ. ಹೊಸದು ಕೊಳ್ಳುವವರಿಗೆ ಅದು ನಷ್ಟ, ಹಳೆಯದು ಕೊಳ್ಳುವವರಿಗೆ ಲಾಭ. 2021ರ ನಂತರದ ಡೀಸೆಲ್ ನೋಡಿ. ಪೆಟ್ರೋಲ್ 1.4 ಲೀಟರ್ ಮಾಡೆಲ್ 2023ರಲ್ಲಿ ನಿಂತುಹೋಗಿದೆ. ಅದರ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಅಗ್ಗಕ್ಕೆ ಸಿಕ್ಕರೂ ಘಟ್ಟದಲ್ಲಿ ಲಾರಿ ಹಿಂದೆ ತೆವಳುವ ನಿಮಗೆ ನಾನು ಹೇಳುವುದಿಲ್ಲ. ಕೊಳ್ಳುವ ಮುನ್ನ ಪೂರ್ತಿ ಸರ್ವಿಸ್ ದಾಖಲೆ ಕೇಳಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಅಡಿಭಾಗ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿ ಆದರೆ ತುಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಸೀಟ್‌ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ ಕಂಡರೆ ನೆರೆಯಲ್ಲಿ ಮುಳುಗಿದ ಗಾಡಿ ಇರಬಹುದು. ಮಾತು ಮುಂದುವರಿಸಬೇಡಿ.

ಬಣ್ಣ: ಕಪ್ಪು ಬೇಡ. ನಿಮ್ಮ ದಾರಿಯ ಕೆಂಪು ಧೂಳಿನಲ್ಲಿ ಅದು ತೊಳೆದ ಅರ್ಧ ಗಂಟೆಗೆ ಮೊದಲಿನ ಹಾಗೇ ಆಗುತ್ತದೆ. ದಾರಿ ಬದಿಯ ಮುಳ್ಳು ಗೀರಿದ ಗೆರೆಯೂ ಎದ್ದು ಕಾಣುತ್ತದೆ. ಬಿಳಿ ಅಥವಾ ಬೂದು ತೆಗೆದುಕೊಳ್ಳಿ. ಮನೆಯವರು ಕೆಂಪೇ ಬೇಕು ಅಂದರೆ ಅದಕ್ಕೂ ನನ್ನ ಒಪ್ಪಿಗೆ ಇದೆ, ಧೂಳು ಕಾಣುವುದಿಲ್ಲ.